ಒಂದೇ ಸಲ ಓಡುವ ಟೇಪು

ನಮ್ಮ ಧ್ವನಿಮುದ್ರಣ ಕೇಂದ್ರದಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವನು ಕಿವಿರಾಯ. ಹಳೆಯ ಹಾಡಿನ ಟೇಪುಗಳಲ್ಲಿ ಸೇರಿಕೊಂಡ ಕರೆಂಟಿನ ಗುಂಯ್ ಸದ್ದನ್ನು ತೆಗೆಯುವುದು ಇಪ್ಪತ್ತಾರು ವರ್ಷಗಳಿಂದ ಅವನ ಕೆಲಸ. ಅಷ್ಟೂ ವರ್ಷ ಪಕ್ಕದ ಕುರ್ಚಿಯಲ್ಲಿ ಟೇಪು ಜೋಡಿಸಿಕೊಂಡು ಕೂತವಳು ನಾನು. ಅವನ ಬಾಯಿ ಹರಕು, ಕಿವಿ ಮಾತ್ರ ಚಿನ್ನ. ಒಮ್ಮೆ ಮುದ್ರಣದ ನಡುವೆ ಎದ್ದುಹೋಗಿ ಆಚೆ ಕೋಣೆಯ ಟ್ಯೂಬ್‌ಲೈಟ್ ಆರಿಸಿ ಬಂದು, "ಈಗ ಹಾಡಿ ತಾಯಿ, ಆಗ್ಲಿಂದ ನಿಮ್ಮ ಜೊತೆ ಅದೂ ಹಾಡ್ತಿತ್ತು" ಎಂದಿದ್ದ.

ಗುಂಯ್ ಎಲ್ಲಿಂದ ಬರುತ್ತಿದೆ ಎಂದು ಹಿಡಿಯಲು ಅವನದು ಒಂದೇ ದಾರಿ: ಒಂದೊಂದೇ ಪ್ಲಗ್ಗು ಕೀಳುತ್ತ ಹೋಗುವುದು. ಯಾವುದನ್ನು ಕಿತ್ತಾಗ ಸದ್ದು ನಿಂತಿತೋ ಅದೇ ಕಳ್ಳ.

ಹೋದ ವರ್ಷದಿಂದ ಅವನಿಗೆ ಪ್ರತಿ ಟೇಪಿನಲ್ಲೂ ಗುಂಯ್ ಕೇಳತೊಡಗಿತು. ನನಗೆ ಕೇಳುತ್ತಿರಲಿಲ್ಲ. ಕಿವಿರಾಯನಿಗೆ ಕಿವಿಯ ಪಾಠ ಹೇಳಲು ನಾನ್ಯಾರು ಎಂದು ಸುಮ್ಮನಾದೆ. ಅದಕ್ಕೆ ಈಗಲೂ ನನ್ನ ಮೇಲೇ ನನಗೆ ಸಿಟ್ಟಿದೆ.

ಅವನ ಅಕ್ಕ ಹಾಡುಗಾರ್ತಿ. ಹಾಡಿಯೇ ತಮ್ಮನನ್ನು ಸಾಕಿ ಓದಿಸಿದವಳು. ಅವಳು ದನಿ ಇಳಿಸಿ ಹಾಡಿದರೆ ಕೇಳುವವರ ಎದೆ ತುಂಬುತ್ತಿತ್ತಂತೆ. ಈ ವರ್ಷ ಗಂಟಲಿನ ಕ್ಯಾನ್ಸರ್ ಎಂದು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಚೀಟಿಯಲ್ಲಿ ಬರೆದು ಮಾತಾಡುತ್ತಾಳೆ. ಅವಳ ಹಾಡು ಉಳಿದಿದ್ದದ್ದು ಒಂದೇ ಟೇಪಿನಲ್ಲಿ. ಮೂವತ್ತು ವರ್ಷ ಹಳೆಯದು, ಅಂಟು ಬಿಟ್ಟದ್ದು. ಓಡಿದಂತೆಲ್ಲ ಅದರ ಲೇಪ ಕಂದು ಪುಡಿಯಾಗಿ ಉದುರುತ್ತದೆ. ಅಂಥದ್ದನ್ನು ಒಂದೇ ಸಲ ಓಡಿಸಬಹುದು.

ಅದನ್ನು ಇದ್ದ ಹಾಗೇ ಕಂಪ್ಯೂಟರಿಗೆ ಇಳಿಸಿಕೊಂಡು, ಆಮೇಲೆ ಶುಚಿ ಮಾಡಬೇಕು. ಹೊಸಬರಿಗೆಲ್ಲ ಬೈದು ಬೈದು ಇದನ್ನು ಕಲಿಸಿದವನೇ ಅವನು. ಆದರೆ ಆ ದಿನ, ಹಾಡಿಗೆ ಮುಂಚಿನ ಖಾಲಿ ಭಾಗ ಓಡುತ್ತಿದ್ದಂತೆ ಯಂತ್ರ ನಿಲ್ಲಿಸಿದ.

"ಜೇನುಗೂಡಿನ ಹಾಗಿದೆ. ಈಗ್ಲೇ ಫಿಲ್ಟರ್ ಹಾಕಿ ಇಳಿಸ್ತೀನಿ."

"ಮೊದ್ಲು ಹಾಗೇ ಇಳಿಸೋಣ," ಎಂದೆ.

"ನಮ್ಮಕ್ಕನ ಹಾಡು ನಂಗೆ ಬಿಡು."

ಬಿಟ್ಟೆ.

ಕರೆಂಟಿನ ಗುಂಯ್ ಬರುವ ಸ್ವರಮಟ್ಟದಲ್ಲೇ ಅಕ್ಕನ ಕೆಳದನಿಯೂ ಇತ್ತು. ಆ ಮಟ್ಟದ್ದನ್ನೆಲ್ಲ ಸೋಸಿ ಬಿಸಾಡುವ ಫಿಲ್ಟರಿಗೆ ಅಕ್ಕ ಯಾರು, ಕರೆಂಟು ಯಾವುದು ಎಂಬ ಭೇದವಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು ಎನ್ನುತ್ತಾರೆ; ಇಲ್ಲಿ ನೆಗಡಿಯೂ ಇರಲಿಲ್ಲ. ಹನ್ನೊಂದು ನಿಮಿಷದ ಹಾಡು ಮುಗಿದಾಗ ಯಂತ್ರದ ಕೆಳಗೆ ಕಂದು ಪುಡಿ ಬಿದ್ದಿತ್ತು, ಕಂಪ್ಯೂಟರಿನಲ್ಲಿ ಯಾರದೋ ಟೊಳ್ಳು ದನಿ ಕೂತಿತ್ತು.

"ಇನ್ನೂ ಗುಂಯ್ ಅಂತಿದೆ," ಎನ್ನುತ್ತ ಅವನು ಪ್ಲಗ್ಗು ಕೀಳತೊಡಗಿದ. ದೀಪ, ಫ್ಯಾನು, ಕಂಪ್ಯೂಟರು, ಪಕ್ಕದ ಕೋಣೆಯ ಎ.ಸಿ. ಕೊನೆಗೆ ಕಟ್ಟಡದ ಮೇನ್ ಸ್ವಿಚ್ಚನ್ನೇ ಇಳಿಸಿ ಬಂದು ನಿಂತ.

"ನಿಂಗೆ ಕೇಳ್ತಿದ್ಯಾ?"

ಇಲ್ಲವೆಂದು ತಲೆಯಾಡಿಸಿದೆ.

"ಯಾವತ್ತಾದ್ರೂ ಕೇಳ್ತಿತ್ತಾ?"

ಮತ್ತೆ ತಲೆಯಾಡಿಸಿದೆ. "ಕಳ್ಳ ಇಲ್ಲೇ ಇದ್ದ," ಎಂದು ಅವನು ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡು ಕುಸಿದು ಕೂತ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಭಾನುವಾರ ಇಬ್ಬರೂ ಅಕ್ಕನ ಮನೆಗೆ ಹೋದೆವು. ನಿಜ ಹೇಳುತ್ತೇನೆ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದ. ಅಕ್ಕ ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು ಕಾಯುತ್ತಿದ್ದಳು. ನಾವು ಕೂರುವ ಮೊದಲೇ ಹಾಡು ಹಾಕು ಎಂದು ಸನ್ನೆ ಮಾಡಿದಳು. ಹನ್ನೊಂದು ನಿಮಿಷ ಕದಲದೆ ಕೇಳಿದಳು. ಆಮೇಲೆ ಚೀಟಿ ಎಳೆದುಕೊಂಡು ಬರೆದಳು: "ನನ್ನ ದನಿ ಇಷ್ಟೇನಾ?"

"ಅಕ್ಕ, ಟೇಪು ಹಳೇದು..." ಎಂದ ಅವನು.

ಅವಳು ಇನ್ನೊಂದು ಸಾಲು ಬರೆದಳು: "ಟೇಪಿಗೆ ಯಾಕೋ ಬೈತೀಯ. ಪಾಪ, ಜನ ಸುಮ್ನೆ ಹೊಗಳ್ತಿದ್ರು. ಹೋದ ದನಿ ಅಂಥ ದೊಡ್ಡದೇನಲ್ಲ ಬಿಡು."

ಅವನು ಬಾಯಿ ತೆರೆದ. ಅಕ್ಕ ಅವನ ತಲೆ ಸವರಿ, ಚಹಾ ಇಡಲು ಒಳಗೆ ಹೋದಳು.