ಗಲ್ಲಿಗೆ ಬಂದು ನಿಂತ ಹೆರಾಲ್ಡ್

ಬೈಲಹೊಂಗಲದಲ್ಲಿ ನನ್ನದೊಂದು ಮೋಟಾರು ಬಿಡಿಭಾಗಗಳ ಅಂಗಡಿಯಿದೆ. "ಸಾಹುಕಾರ್ರ, ಗಾಡಿ ಸುಮ್ಮಸುಮ್ನ ಸಪ್ಪಳ ಮಾಡತೈತ್ರಿ" ಎಂದು ಯಾರಾದರೂ ಬಂದರೆ ನಾನು ರೇಗುತ್ತಿದ್ದೆ. ಸುಮ್ಮಸುಮ್ಮನೆ ಯಾವ ಗಾಡಿಯೂ ಸದ್ದು ಮಾಡುವುದಿಲ್ಲ. ಎಲ್ಲೋ ಒಂದು ನಟ್ಟು ಸಡಿಲಾಗಿರುತ್ತದೆ, ಇಲ್ಲವೆ ಒಂದು ಬೇರಿಂಗು ಸವೆದಿರುತ್ತದೆ. ದೆವ್ವ, ಗಾಳಿ, ಶಕುನ ಎಂದು ಮಾತು ತೆಗೆದವರಿಗೂ ಇದೇ ಉತ್ತರ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದೆ. ಈಗ ಹಾಗೆ ಜೋರು ಮಾಡುವ ಧೈರ್ಯ ನನಗಿಲ್ಲ. ಯಾಕಿಲ್ಲ ಎಂಬುದನ್ನು ನಡೆದ ಹಾಗೆಯೇ ಹೇಳುತ್ತೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ನನಗೂ ನನ್ನ ಅಣ್ಣನಿಗೂ ಚಿಕ್ಕಂದಿನಿಂದ ಒಂದು ಹುಚ್ಚು: ಅಪರೂಪದ ಕಾರುಗಳನ್ನು ಹುಡುಕಿಕೊಂಡು ಹೋಗಿ ನೋಡುವುದು. ಕೊಳ್ಳುವುದಲ್ಲ, ಬರೀ ನೋಡುವುದು. ಹುಣ್ಣಿಮೆ ಬಂತೆಂದರೆ ಸವದತ್ತಿ ಗುಡ್ಡಕ್ಕೆ ಹೊರಡುತ್ತಿದ್ದೆವು. ಮನೆಯವರು ಎಲ್ಲಮ್ಮನ ದರ್ಶನಕ್ಕೆ ಪಾಳಿ ಹಚ್ಚಿ ಸಾಲಿನಲ್ಲಿ ನಿಂತರೆ, ನಾವಿಬ್ಬರು ಗಾಡಿ ನಿಲ್ಲಿಸುವ ಬಯಲಿನಲ್ಲಿ ಮಹಾರಾಷ್ಟ್ರದಿಂದ ಬಂದ ಹಳೆಯ ಗಾಡಿಗಳ ನಡುವೆ ಅಲೆಯುತ್ತಿದ್ದೆವು. ಕಿತ್ತೂರಿನ ಹತ್ತಿರ ಹೆದ್ದಾರಿ ಪಕ್ಕದ ಚಹಾದಂಗಡಿಯಲ್ಲಿ ಕುಳಿತರೆ ಬೆಂಗಳೂರಿಗೆ ಹೋಗುವ ವಿದೇಶಿ ಕಾರುಗಳು ರುಂಯ್ ಎಂದು ದಾಟುವುದು ಕಾಣುತ್ತಿತ್ತು. ಎಂ.ಕೆ. ಹುಬ್ಬಳ್ಳಿ ಕಡೆ ಟ್ರೇಲರ್ ಹಚ್ಚಿದ ಟ್ರ್ಯಾಕ್ಟರನ್ನು ರಿವರ್ಸ್ ಓಡಿಸುವ ಸ್ಪರ್ಧೆಯಿರಲಿ, ಎಲ್ಲೋ ಮಣ್ಣಿನ ಟ್ರ್ಯಾಕಿನಲ್ಲಿ ಕಾರುಗಳ ರೇಸಿರಲಿ, ಸ್ಪರ್ಧೆಗಿಂತ ಅದನ್ನು ನೋಡಲು ಬಂದವರ ಗಾಡಿಗಳ ಮೇಲೆಯೇ ನಮ್ಮ ಕಣ್ಣು. ನಮ್ಮದೊಂದು ಕಾಯಿದೆಯಿತ್ತು: ಇಬ್ಬರೂ ಕಂಡರೆ ಮಾತ್ರ ಲೆಕ್ಕ. ಒಬ್ಬನೇ ನೋಡಿ ಬಂದು ಎಷ್ಟು ಬಣ್ಣಿಸಿದರೂ ಅದು ಲೆಕ್ಕಕ್ಕಿಲ್ಲ. ಇಬ್ಬರೂ ನೋಡಿದ ಮೇಲೆ ಅಣ್ಣ "ಇಬ್ಬರದೂ ಆತು" ಎಂದು ನನ್ನ ಬೆನ್ನಿಗೆ ಒಂದು ಗುದ್ದುತ್ತಿದ್ದ.

ಕೊನೆಗೊಮ್ಮೆ ಅಣ್ಣ ತಾನೇ ಒಂದು ಅಪರೂಪದ ಕಾರು ತಂದ. ಕೆನೆ ಬಣ್ಣದ, ಎರಡೇ ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ನಮ್ಮ ಸುತ್ತಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಅದಕ್ಕೆ ಎರಡು ಚಾಳಿಗಳಿದ್ದವು. ಕೀಲಿ ತಿರುವಿ ಬಂದ್ ಮಾಡಿದ ಮೇಲೂ ಇಂಜಿನ್ ಎರಡು ಸಲ ಕೆಮ್ಮಿಯೇ ನಿಲ್ಲುತ್ತಿತ್ತು. ಅಣ್ಣನ ಬದಿಯ ಬಾಗಿಲು ಒಂದೇ ಸಲಕ್ಕೆ ಕೂಡುತ್ತಿರಲಿಲ್ಲ, ಎರಡನೆಯ ಸಲ ಜೋರಾಗಿ ಬಡಿಯಬೇಕು. ಎರಡು ಕೆಮ್ಮು, ಎರಡು ಬಡಿತ ಕೇಳಿದ ಕೂಡಲೇ ವೈನಿ, ಅಂದರೆ ಅಣ್ಣನ ಹೆಂಡತಿ, ಒಳಗೆ ಚಹಾಕ್ಕೆ ಇಡುತ್ತಿದ್ದರು. ಮನೆಯ ಮುಂದಿನ ಫರಶಿಕಲ್ಲಿನ ಮೇಲೆ, ಗಾಡಿ ನಿಲ್ಲುವಲ್ಲಿ, ಎಣ್ಣೆ ತೊಟ್ಟಿಕ್ಕಿ ಕರಿ ಕಲೆಯಾಗಿತ್ತು. ವೈನಿ ಅದನ್ನು ತಿಕ್ಕಿ ತಿಕ್ಕಿ ಸೋತು, ಕಡೆಗೆ ಅದರ ಸುತ್ತಲೇ ರಂಗೋಲಿ ಹಾಕತೊಡಗಿದರು.

ಆಮೇಲೆ ಅಣ್ಣನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ನಿಂತಲ್ಲೇ ತುಕ್ಕು ಹಿಡಿಯುವ ಗಾಡಿಯನ್ನು ಮಂಚದ ಮೇಲಿಂದ ನೋಡುತ್ತಿರುವುದು ಅವನಿಂದ ಆಗಲಿಲ್ಲ. "ಓಡಿಸೋರಿಗೆ ಕೊಟ್ಟ ಬಿಡೋಣು" ಎಂದು ತಾನೇ ಹೇಳಿ ರಾಮದುರ್ಗದ ಸೀರೆ ಅಂಗಡಿಯ ಶಂಕ್ರಣ್ಣನವರಿಗೆ ಕೊಡಿಸಿದ. ಹಳೆಯ ಕಾರುಗಳನ್ನು ಮಕ್ಕಳಂತೆ ಜೋಪಾನ ಮಾಡುವ ಮನುಷ್ಯ ಅವರು. ಎರಡು ಕೀಲಿಗಳಲ್ಲಿ ಒಂದನ್ನು ಮಾತ್ರ ಅಣ್ಣ ಕೊಡಲಿಲ್ಲ. ನಮ್ಮದು ಮೂಲದಲ್ಲಿ ದೊಡವಾಡದ ಒಕ್ಕಲು ಮನೆತನ. ಎತ್ತು ಮಾರಿದರೂ ಅದರ ಹಗ್ಗ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಕೊಂಡವರೇ ಹೊಸ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಶಂಕ್ರಣ್ಣ ನಕ್ಕು ಒಪ್ಪಿದರು. ಆ ಕೀಲಿ ಅಣ್ಣನ ತಲೆಯ ಬಳಿ ಗೋಡೆಯ ಮೊಳೆಗೆ ತೂಗಿತು.

ಅಣ್ಣ ದಿನದಿನಕ್ಕೆ ಇಳಿಯುತ್ತ ಬಂದ. ಗಲ್ಲಿಯಾಚೆಯ ರಸ್ತೆಯಲ್ಲಿ ಹೋಗುವ ಗಾಡಿಗಳನ್ನು ಮಲಗಿದಲ್ಲಿಂದಲೇ ಸದ್ದಿನ ಮೇಲೆ ಗುರುತು ಹಿಡಿಯುವುದೊಂದೇ ಅವನಿಗೆ ಉಳಿದ ಆಟ. ಒಂದು ದಿನ ತೊದಲುತ್ತ ಹೇಳಿದ, "ತಮ್ಮಾ, ಒಮ್ಮಿ ಅದರ ಸಪ್ಪಳ ಕೇಳಬೇಕಲೇ." ಶಂಕ್ರಣ್ಣನವರಿಗೆ ಫೋನ್ ಮಾಡಿದೆ. "ಕಿತ್ತೂರಾಗ ಹಳೇ ಗಾಡಿ ಮಂದಿ ಕೂಡೋರದಾರ್ರಿ, ಅದಕ್ಕಂತ ಇಂಜಿನ್ ಬಿಚ್ಚೇನಿ. ಕೂಡಿಸಿದ ಕೂಡ್ಲೆ ಮೊದಲ ನಿಮ್ಮ ಮನಿಗೇ ತರತೇನಿ" ಎಂದರು. ಬರುತ್ತದೆ ಎಂದು ಅಣ್ಣನಿಗೆ ಮಾತು ಕೊಟ್ಟೆ.

ಅಂದಿನಿಂದ ನಾನು ಅಂಗಡಿ ಮುಚ್ಚಿ ಬಂದ ಕೂಡಲೇ ಅವನು ನನ್ನ ಮುಖ ನೋಡುವನು, ನಾನು "ನಾಳೆ" ಎನ್ನುವೆನು. ಯಾವುದೋ ಒಂದು ಸಾಮಾನು ಸಿಗದೆ ರಾಮದುರ್ಗದಲ್ಲಿ ಕೆಲಸ ನಿಂತುಬಿಟ್ಟಿತ್ತು. ಬಿಡಿಭಾಗದ ಅಂಗಡಿ ಇಟ್ಟುಕೊಂಡ ನನಗೂ ಅದನ್ನು ಹೊಂದಿಸಿಕೊಡಲು ಆಗಲಿಲ್ಲ. ಅಷ್ಟರಲ್ಲಿ ಡಾಕ್ಟರು ಕೈಚೆಲ್ಲಿದರು.

ಅವತ್ತು ಮಟಮಟ ಮಧ್ಯಾಹ್ನ. ಕರೆಂಟು ಹೋಗಿ, ಗಲ್ಲಿಯ ಬಾಯಲ್ಲಿರುವ ಹಿಟ್ಟಿನ ಗಿರಣಿಯೂ ನಿಂತು, ಎಲ್ಲ ಸುಮ್ಮಗಿತ್ತು. ನಾನು ಮಂಚದ ಪಕ್ಕ ಕುಳಿತು ಅಣ್ಣನಿಗೆ ಗಾಳಿ ಬೀಸುತ್ತಿದ್ದೆ. ಕಣ್ಣು ಮುಚ್ಚಿಕೊಂಡಿದ್ದವನು ಒಮ್ಮೆಲೇ ತೆರೆದು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದ. ಆಮೇಲೆ ನನಗೂ ಕೇಳಿಸಿತು. ಗಾಡಿಯೊಂದು ಗಲ್ಲಿಯೊಳಗೆ ತಿರುಗಿ, ನಿಧಾನಕ್ಕೆ ಬಂದು, ನಮ್ಮ ಬಾಗಿಲಲ್ಲಿ ನಿಂತಿತು. ಇಂಜಿನ್ ಬಂದಾಯಿತು. ಎರಡು ಸಲ ಕೆಮ್ಮಿತು. ಬಾಗಿಲು ಒಮ್ಮೆ ಬಡಿಯಿತು, ಮತ್ತೊಮ್ಮೆ ಜೋರಾಗಿ ಬಡಿಯಿತು.

"ಬಂತು. ಹೋಗಿ ನೋಡು" ಎಂದ ಅಣ್ಣ. ಎಷ್ಟೋ ತಿಂಗಳ ಮೇಲೆ ಅವನ ಮಾತು ತೊದಲದೆ ಬಂದಿತ್ತು.

ಶಂಕ್ರಣ್ಣ ಹೇಳದೆ ಕೇಳದೆ ತಂದೇಬಿಟ್ಟರಲ್ಲ ಎಂದು ಖುಷಿಯಿಂದ ಹೊರಗೆ ಓಡಿದೆ. ಹೊರಗೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಫರಶಿಯ ಹಳೆಯ ಕಲೆಯ ಮೇಲೆ ಮಾತ್ರ ಎಣ್ಣೆಯ ಹನಿಗಳು ಹೊಳೆಯುತ್ತಿದ್ದವು. ಬೆರಳಲ್ಲಿ ಮುಟ್ಟಿ ಮೂಸಿದೆ. ಇಂಜಿನ್ ಆಯಿಲ್, ಇನ್ನೂ ಬಿಸಿಯಾಗಿತ್ತು. ಗಲ್ಲಿಯ ಬಾಯಿಗೆ ಹೋಗಿ ಗಿರಣಿಯ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಹೆಂಗಸರನ್ನು ಕೇಳಿದೆ. "ಇಲ್ರೀ ಯಪ್ಪಾ, ಸೈಕಲ್ ಸುದ್ದಾ ಬಂದಿಲ್ಲ" ಎಂದರು. ನಮ್ಮ ಗಲ್ಲಿಗೆ ಇರುವುದು ಅದೊಂದೇ ದಾರಿ. ಒಳಗೆ ಬಂದ ಗಾಡಿ ರಿವರ್ಸಿನಲ್ಲೇ ಹೊರಗೆ ಹೋಗಬೇಕು. ಬಂದ ಸದ್ದು ಕೇಳಿದ್ದೆವು, ಹೋದ ಸದ್ದು ಕೇಳಿರಲಿಲ್ಲ.

ಮರಳಿ ಬಂದಾಗ ವೈನಿ ಹೊಸ್ತಿಲಲ್ಲಿ ನಿಂತಿದ್ದರು. ಕೈಯಲ್ಲಿ ತಾಟು, ಅದರಲ್ಲಿ ಮೂರು ಕಪ್ಪು ಚಹಾ. "ಯಾರ ಬಂದಾರ್ರೀ?" ಎಂದು ಕೇಳಿದರು. ನನ್ನ ಮುಖ ನೋಡಿದರು, ಖಾಲಿ ಗಲ್ಲಿ ನೋಡಿದರು. ತಾಟನ್ನು ಅಲ್ಲೇ ಕೆಳಗಿಳಿಸಿದರು.

ಅಣ್ಣ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದ. "ನೋಡಿದೇನ?" ಎಂದ.

"ನೋಡಿದೆ, ಅಣ್ಣಾ" ಎಂದೆ. ಬೇರೆ ಏನು ಹೇಳಲಿ?

"ಇಬ್ಬರದೂ ಆತು" ಎಂದ. ಎಡಗೈ ಎತ್ತಿದ. ಬೆನ್ನಿನ ತನಕ ಅದು ಬರಲಿಲ್ಲ, ನನ್ನ ತೊಡೆಯ ಮೇಲೆ ಬಿತ್ತು. ಅವನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಆದರೂ ನಮ್ಮ ಲೆಕ್ಕಕ್ಕೆ ಅದು ಸೇರಿಹೋಯಿತು. ದೀಪ ಹಚ್ಚುವ ಹೊತ್ತಿಗೆ ಅಣ್ಣ ತೀರಿಕೊಂಡ.

ಮರುದಿನ ಶಂಕ್ರಣ್ಣ ಬಸ್ಸಿನಲ್ಲಿ ಮಣ್ಣಿಗೆ ಬಂದರು. ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲವೆಂದು ಸಣ್ಣ ಹುಡುಗರಂತೆ ಅತ್ತರು. ಆ ಬೆಳಿಗ್ಗೆ ತೆಗೆದ ಹೆರಾಲ್ಡಿನ ಚಿತ್ರವನ್ನು ಫೋನಿನಲ್ಲಿ ತೋರಿಸಿದರು. ಬಾನೆಟ್ ಮುಂದಕ್ಕೆ ಬಾಯ್ತೆರೆದಿತ್ತು, ಒಳಗೆ ಇಂಜಿನ್ ಇರಲಿಲ್ಲ. ಅದು ಬಿಚ್ಚಿದ ಸ್ಥಿತಿಯಲ್ಲಿ ಪಕ್ಕದ ಮೇಜಿನ ಮೇಲಿತ್ತು.

ನಾನು ಕಾರಣ ಹುಡುಕದೆ ಬಿಟ್ಟವನಲ್ಲ. ನಿದ್ದೆಗೆಟ್ಟ ತಲೆ, ದುಃಖ, ಬಿಸಿಲು, ಹತ್ತಿರದ ರಸ್ತೆಯ ಬೇರೆ ಯಾವುದೋ ಗಾಡಿ, ಎಲ್ಲವನ್ನೂ ಹಚ್ಚಿ ನೋಡಿದೆ. ಒಂದು ಕೂಡಿದರೆ ಇನ್ನೊಂದು ಕೂಡುವುದಿಲ್ಲ. ನನ್ನ ಕಿವಿ ಕೆಟ್ಟಿತ್ತು ಎಂದರೆ ವೈನಿ ಯಾಕೆ ಮೂರು ಕಪ್ಪು ತಂದರು? ವೈನಿಗೆ ಮಾತ್ರ ಈ ಪೇಚಾಟವಿರಲಿಲ್ಲ. "ಹಗ್ಗ ನಮ್ಮ ಮನ್ಯಾಗ ಐತಲ್ರಿ, ಎತ್ತು ಬರದ ಏನ ಮಾಡೀತು" ಎಂದು ಒಮ್ಮೆ ಅಂದರು.

ಕೆಲವು ತಿಂಗಳ ಮೇಲೆ ಶಂಕ್ರಣ್ಣ ನಿಜವಾಗಿಯೂ ಹೆರಾಲ್ಡನ್ನು ತಂದು ಬಾಗಿಲಲ್ಲಿ ನಿಲ್ಲಿಸಿದರು. ಇಂಜಿನ್ ಕೆಮ್ಮದೆ ಬಂದಾಯಿತು. ಬಾಗಿಲು ಒಂದೇ ಸಲಕ್ಕೆ ಕೂಡಿತು. ನಾನು ಹೋಗಿ ಕರೆಯುವವರೆಗೆ ಒಳಗಿದ್ದ ವೈನಿಗೆ ಯಾರೋ ಬಂದದ್ದೇ ಗೊತ್ತಾಗಿರಲಿಲ್ಲ. ಹೊರಗೆ ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದರು, ಆಮೇಲೆ ಒಳಗೆ ಹೋಗಿ ಚಹಾಕ್ಕೆ ಇಟ್ಟರು. ಚಹಾ ಕುಡಿದು ಎದ್ದ ಶಂಕ್ರಣ್ಣ ಹೊರಡಲು ಹಿಂದೆಮುಂದೆ ನೋಡಿದರು. ತಮ್ಮ ಕೀಲಿ ಸವೆದುಹೋಗಿದೆ, ಇನ್ನೊಂದನ್ನು ಕೇಳಬಾರದು, ಆದರೂ ಎಂದು ಮಾತು ನುಂಗಿದರು.

ವೈನಿ ಒಳಗೆ ಹೋಗಿ ಮೊಳೆಯಿಂದ ಕೀಲಿ ತೆಗೆದು ತಂದರು. ಸೆರಗಿನಿಂದ ಒರೆಸಿ ಅವರ ಕೈಯಲ್ಲಿಟ್ಟರು. "ತಗೋರಿ. ಇನ್ನ ಯಾರ ಸಲುವಾಗಿ ಬರಬೇಕದು" ಎಂದರು.

ಗಾಡಿ ರಿವರ್ಸಿನಲ್ಲಿ ಗೊಂಯ್ ಎನ್ನುತ್ತ ಗಲ್ಲಿಯಿಂದ ಹೊರಗೆ ಹೋಯಿತು. ಫರಶಿಯ ಮೇಲೆ ಅದು ಒಂದು ಹನಿ ಎಣ್ಣೆಯನ್ನೂ ಬಿಟ್ಟಿರಲಿಲ್ಲ. ಆ ಮಧ್ಯಾಹ್ನ ಬಂದ ಸದ್ದಷ್ಟೇ ಕೇಳಿತ್ತು. ಹೋಗುವ ಸದ್ದನ್ನು ಈ ಸಲ ಕೇಳಿದೆ, ಅದು ದೊಡ್ಡ ರಸ್ತೆಗೆ ಸೇರಿ ಮುಗಿಯುವವರೆಗೂ ಕೇಳಿದೆ. ವೈನಿ ಅಲುಗಾಡದೆ ಹೊಸ್ತಿಲಲ್ಲೇ ನಿಂತಿದ್ದರು.

"ಹೋತೇನ್ರಿ?" ಎಂದು ಕೇಳಿದರು.

"ಹೋತ್ರಿ, ವೈನಿ" ಎಂದೆ.