ಸತ್ತವರ ಮನೆಗೂ ಸಭೆಯ ನೋಟಿಸು ಒಯ್ದ ಚೆನ್ನಯ್ಯ

ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಶಾಗ್ಯದ ಬೀದಿಯಲ್ಲಿ ಮೊಪೆಡ್ ನಿಲ್ಲಿಸಿದ ಚೆನ್ನಯ್ಯ ಒಂದೊಂದೇ ಬಾಗಿಲಿಗೆ ಹೋಗಿ ಹೆಸರು ಕೂಗುತ್ತಿದ್ದಾರೆ. ಕೊಳ್ಳೇಗಾಲದ ಸಣ್ಣದೊಂದು ಪತ್ತಿನ ಸಹಕಾರ ಸಂಘದಲ್ಲಿ ಅವರು ಇಪ್ಪತ್ತಾರು ವರ್ಷಗಳಿಂದ ಜವಾನ. ವಾರ್ಷಿಕ ಸಭೆಯ ನೋಟಿಸನ್ನು ಸದಸ್ಯರ ಹೆಸರು ಕೂಗಿಯೇ ಕೊಡುವುದು ಅವರ ರೂಢಿ.

ಈ ಸಲ ಚೀಲದಲ್ಲಿ ಇನ್ನೊಂದು ಕಾಗದವೂ ಇದೆ. ತೀರಿಕೊಂಡ ಸದಸ್ಯರ ಹೆಸರು ತೆಗೆಯಲು ಮನೆಯವರು ರುಜು ಹಾಕಬೇಕಾದ ಅರ್ಜಿ.

ಹನೂರು ಬೇರೆ ತಾಲ್ಲೂಕಾಗಿ ಶಾಗ್ಯ ಅದಕ್ಕೆ ಸೇರಿದ ಮೇಲೆ ಈ ಕಡೆಯವರಿಗೆ ಸಂಘದ ಸಾಲ ನಿಂತಿದೆ. ಸಂಘದ ಬೈಲಾದಲ್ಲಿ ವ್ಯಾಪ್ತಿ ಕೊಳ್ಳೇಗಾಲ ತಾಲ್ಲೂಕು ಎಂದಷ್ಟೇ ಇದೆ. ಒಂದು ಸಾಲು ತಿದ್ದಿದರೆ ಮುಗಿಯಿತು, ಆದರೆ ತಿದ್ದಲು ಮೂರನೇ ಒಂದು ಪಾಲು ಸದಸ್ಯರು ಸಭೆಗೆ ಬರಬೇಕು. ಪಟ್ಟಿಯಲ್ಲಿರುವುದು 612 ಹೆಸರು, ಬೇಕಾದವರು 204. ಹೋದ ವರ್ಷ ಬಂದದ್ದು 170. ಪಟ್ಟಿಯ 140 ಮಂದಿ ಸತ್ತು ವರ್ಷಗಳಾಗಿವೆ. ಆ ಹೆಸರುಗಳಿಲ್ಲದಿದ್ದರೆ 158 ಜನ ಸಾಕಿತ್ತು. ಹೊಲಿಗೆ ಯಂತ್ರಕ್ಕೆ ಸಾಲ ಕೇಳಿದ್ದ ಇದೇ ಬೀದಿಯ ಪ್ರೇಮಾ ಕಾದು ಸಾಕಾಗಿ, ಈಗ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಾರೆ.

“ನಂದೇ ತಪ್ಪು ಸಾ,” ಎನ್ನುತ್ತಾರೆ ಚೆನ್ನಯ್ಯ. “ಸತ್ತೋರ ಮನೆ ಮುಂದೂ ಎಸ್ರು ಕೂಗ್ತಿದ್ದೆ. ಮನೆಯೋರು ಓಡ್ಬಂದು ಈಸ್ಕತಿದ್ರು. ಆ ಎಸ್ರ ಇನ್ಯಾರು ಕೂಗ್ತಾರೆ ಅಂತ ಆಪೀಸಿಗೆ ಯೋಳ್ನೇ ಇಲ್ಲ.”

ಬೀದಿಯ ಒಂದು ಮನೆಯಲ್ಲಿ ಪುಟ್ಟಸಿದ್ದಯ್ಯ, ತೀರಿಹೋದ ತಾಯಿಯ ಹೆಸರಿಗೆ ಬಂದ ನೋಟಿಸುಗಳನ್ನೆಲ್ಲ ಆಕೆಯ ಫೋಟೋದ ಹಿಂದೆ ಸಿಕ್ಕಿಸಿಟ್ಟಿದ್ದಾರೆ. ಅರ್ಜಿ ಓದಿ, ರುಜು ಹಾಕದೆ ಕೈಯಲ್ಲೇ ಹಿಡಿದುಕೊಳ್ಳುತ್ತಾರೆ. ಆಮೇಲೆ ಮೆಲ್ಲಗೆ ಕೇಳುತ್ತಾರೆ, “ನಿನ್ನೆಂಡ್ರು ಅರ್ಜಿಗೆ ರುಜು ಆಕಿದ್ಯಾ ಚೆನ್ನಯ್ಯ?”

ಚೆನ್ನಯ್ಯನವರ ಹೆಂಡತಿ ಶಿವನಂಜಮ್ಮನೂ ಸಂಘದ ಸದಸ್ಯೆ. ತೀರಿಕೊಂಡು ನಾಲ್ಕು ವರ್ಷ. ಆಕೆಯ ಅರ್ಜಿ ಮೂರು ವಾರದಿಂದ ಚೀಲದ ತಳದಲ್ಲೇ ಇದೆ.

ಚೆನ್ನಯ್ಯ ಚೀಲ ಇಳಿಸುತ್ತಾರೆ. ಜಗಲಿಯ ಮೇಲೆ ಕೂತು ಆ ಕಾಗದ ಹುಡುಕಿ ತೆಗೆಯುತ್ತಾರೆ, ಮೊಣಕಾಲ ಮೇಲಿಟ್ಟು ನಿಧಾನವಾಗಿ ರುಜು ಹಾಕುತ್ತಾರೆ. ಪುಟ್ಟಸಿದ್ದಯ್ಯ ಪೆನ್ನಿಗೆ ಕೈಚಾಚುತ್ತಾರೆ.

ಮೊಪೆಡ್ ತಳ್ಳಿಕೊಂಡು ಮುಂದಿನ ಮನೆಯತ್ತ ನಡೆಯುವಾಗ ಚೆನ್ನಯ್ಯ ಹೇಳುತ್ತಾರೆ, “ಈ ಸಲ ಸಬೆ ನಡೀಲಿ ಸಾ, ಅಷ್ಟು ಸಾಕು. ವರ್ಸಕ್ಕೊಂದ್ ಕಿತ ನಮ್ಮನೆ ಬಾಗ್ಲಲ್ಲೂ ಅವ್ಳೆಸ್ರ ಕೂಗಿ, ನಾನೇ ಒಳೀಕೋಗಿ ಈಸ್ಕತಿದ್ದೆ. ಇನ್ ಕೂಗಂಗಿಲ್ಲ.”