ಅಸೋಗಾ ಹೊಳೆಯಲ್ಲಿ ಕಳೆದದ್ದು

ಬಸುರಿಯರು ಹುಣಸೆಕಾಯಿ ಕೇಳುತ್ತಾರೆ, ಮಾವಿನಕಾಯಿ ಕೇಳುತ್ತಾರೆ. ನಾನು ಕೋಟೆ ಕೇಳಿದೆ. ಕೋಟೆ ನೋಡಿ, ಹರಿಯುವ ನೀರಿನ ದಂಡೆಯಲ್ಲಿ ಕೂತು ರೊಟ್ಟಿ ತಿನ್ನಬೇಕು ಅನ್ನಿಸುತ್ತಿದೆ ಎಂದೆ. ಇಂಥ ಬಯಕೆಯನ್ನು ತಾವು ಹುಟ್ಟಿದಾಗಿನಿಂದ ಕೇಳಿಲ್ಲವೆಂದು ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು, ನಕ್ಕು ಮರುದಿನವೇ ಒಂದು ಬಾಡಿಗೆ ಕಾರು ಗೊತ್ತು ಮಾಡಿ ಬಂದರು. ಎಪ್ಪತ್ತರ ದಶಕದ ಕೊನೆಯ ಮಾತಿದು. ಬೆಳಗಾವಿಯ ಹಿಂದವಾಡಿಯ ಮನೆಗೆ ಸೊಸೆಯಾಗಿ ಬಂದು ಆಗ ಮೂರು ವರ್ಷವಾಗಿತ್ತು.

ಅತ್ತೆ ಮಾತ್ರ ನಗಲಿಲ್ಲ. ಈ ಹೊಟ್ಟೆ ಹೊತ್ತುಕೊಂಡು ಊರೂರು ತಿರುಗುವುದು ಯಾವ ಶಾಣೇತನ ಎಂದು ಗೊಣಗುತ್ತಲೇ ಬುಟ್ಟಿ ತುಂಬ ಸಜ್ಜೆ ರೊಟ್ಟಿ ಬಡಿದರು. ಅವರಿಗೆ ನಗು ಬರುವುದನ್ನು ನಾನು ನೋಡಿದ್ದೇ ಕಡಿಮೆ. ಸ್ನಾನ, ಲಿಂಗಪೂಜೆ ಮುಗಿಯದೆ ಒಂದು ಗುಟುಕು ನೀರೂ ಅವರ ಗಂಟಲಿಗೆ ಇಳಿಯುತ್ತಿರಲಿಲ್ಲ. ಜ್ವರ ಬಂದು ಮೈ ಕೆಂಡವಾಗಿದ್ದಾಗಲೂ ಇಳಿದಿರಲಿಲ್ಲ. ನಾನೋ ಎದ್ದ ಕೂಡಲೇ ಚಹಾ ಬೇಕೆನ್ನುವವಳು. ನಮ್ಮಿಬ್ಬರಿಗೆ ಹೇಗೆ ಹೊಂದೀತು? ಮೂರು ವರ್ಷವೂ ನಾನು ಅವರ ಮೇಲೆ ಒಳಗೊಳಗೇ ಉರಿದುಕೊಂಡೇ ಇದ್ದೆ.

ಅತ್ತೆಗಿಂತ ನನಗೆ ಹೆದರಿಕೆ ಇದ್ದದ್ದು ಮಾವನ ಅಕ್ಕನದು. ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದರು. ನನ್ನ ಮೊದಲ ಬಸುರು ಮೂರು ತಿಂಗಳಿಗೇ ಹೋಗಿತ್ತು. ಈ ಹುಡುಗಿಯ ಹೊಟ್ಟೆಯಲ್ಲಿ ಕೂಸು ನಿಲ್ಲುವುದಿಲ್ಲ ಎಂದು ಓಣಿಯ ಮನೆಮನೆಗೂ ಹೋಗಿ ಹೇಳಿಬಂದವರು ಅವರೇ. ನನ್ನ ಗಂಡನಿಗೆ ಇನ್ನೊಂದು ಹೆಣ್ಣು ನೋಡುವ ಮಾತನ್ನೂ ಒಮ್ಮೆ ಊಟದ ಹೊತ್ತಿನಲ್ಲಿ ತೆಗೆದಿದ್ದರು.

ಎರಡನೆಯ ಬಸುರು ನಿಂತಿತು. ಎಂಟನೇ ತಿಂಗಳು ಹತ್ತಿದಾಗ ಸ್ವಾಮಿಗಳು ಮನೆಗೆ ಬಂದು ಕೂಸಿಗೆ ಲಿಂಗ ಕಟ್ಟಿ ಹೋದರು. ಹುಟ್ಟುವ ಮೊದಲೇ ಹೊಟ್ಟೆಯ ಮಗುವಿಗೆ ಲಿಂಗವಾಗಬೇಕು, ಹೆರಿಗೆಯಾಗುವ ತನಕ ಅದನ್ನು ತಾಯಿ ತನ್ನ ಮೈಮೇಲೆ ಕಾಯಬೇಕು, ಇದು ನಮ್ಮಲ್ಲಿಯ ರೂಢಿ. ನನ್ನ ಲಿಂಗ ಕೊರಳಲ್ಲಿತ್ತು, ಕೂಸಿನ ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎಡ ರಟ್ಟೆಗೆ ಕಟ್ಟಿದ್ದರು. ಇದು ಹೋದರೆ ಕೂಸು ಹೋದಂತೆ ಎಂದು ಮಾವನ ಅಕ್ಕ ಅವತ್ತೇ ನನ್ನ ಕಿವಿಯಲ್ಲಿ ಹಾಕಿಟ್ಟಿದ್ದರು.

ಹೊರಟ ದಿನ ಬೆಳಿಗ್ಗೆ ಮೊದಲು ಊರಿನ ಕೋಟೆಗೇ ಹೋದೆವು. ಅಷ್ಟು ವರ್ಷ ಬೆಳಗಾವಿಯಲ್ಲೇ ಬೆಳೆದವಳು ಅದರ ಕಂದಕದ ಬದಿಗೆ ನೂರು ಸಲ ಹಾದುಹೋಗಿದ್ದೆ, ಒಳಗಿನ ಬಸದಿಯನ್ನು ಕಂಡಿರಲಿಲ್ಲ. ಮೇಲೆ ಛತ್ತಿನಿಂದ ಕಲ್ಲಿನ ಕಮಲ ಇಳಿಬಿದ್ದಿದೆ. ಕತ್ತು ನೋಯುವ ತನಕ ನೋಡಿದೆ. ಅಲ್ಲಿಂದ ಕಿತ್ತೂರು. ಕುಸಿದ ಗೋಡೆಗಳ ನಡುವೆ ಧ್ರುವ ನಕ್ಷತ್ರ ನೋಡಲೆಂದು ಮಾಡಿಸಿದ ಒಂದು ಕಿಂಡಿ ಇದೆ. ನನ್ನ ಗಂಡ ಅದಕ್ಕೆ ಕಣ್ಣು ಹಚ್ಚಿ, ಹಾಡುಹಗಲಲ್ಲಿ ನಕ್ಷತ್ರ ಕಾಣುತ್ತಿದೆ ಎಂದರು. ಮಾವನ ಅಕ್ಕ ನಂಬಿ ಅವರೂ ಬಗ್ಗಿ ನೋಡಿದರು, ನೋಡಿ ಹೌದು ಎಂದರು. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಬೀಡಿ, ನಂದಗಡ ಊರುಗಳನ್ನು ಹಾದು ಖಾನಾಪುರದ ಕಡೆಗೆ ಹೊರಟೆವು. ಎರಡೂ ಬದಿಗೆ ಅಡವಿ, ಕೆಂಪು ಧೂಳು, ಗುಂಡಿ ಬಿದ್ದ ರಸ್ತೆ. ನನ್ನ ಕೈಕಾಲು ಬಾತಿದ್ದವು. ರಟ್ಟೆಗೆ ಕಟ್ಟಿದ್ದು ಬಿಗಿಯಾಗಿ ಕೈ ಜೋಮು ಹಿಡಿಯಿತು, ಕಾರಿನಲ್ಲೇ ಗಂಟು ಸ್ವಲ್ಪ ಸಡಿಲಿಸಿಕೊಂಡೆ.

ಖಾನಾಪುರದ ಹತ್ತಿರದ ಅಸೋಗಾಕ್ಕೆ ಮುಟ್ಟಿದಾಗ ಮಧ್ಯಾಹ್ನ. ಮಲಪ್ರಭೆ ಅಲ್ಲಿ ಕರಿ ಬಂಡೆಗಳ ನಡುವೆ ಸೆಳೆದುಕೊಂಡು ಹರಿಯುತ್ತಾಳೆ. ಮಾವ ಮತ್ತು ನನ್ನ ಗಂಡ ಗುಡಿಗೆ ಹೋದರು. ಮಾವನ ಅಕ್ಕ ಮರದ ಕೆಳಗೆ ಚಾಪೆ ಹಾಸಿ ಬುಟ್ಟಿ ಬಿಚ್ಚತೊಡಗಿದರು. ಅತ್ತೆ ನನ್ನನ್ನು ಕೈಹಿಡಿದು ದಂಡೆಗೆ ಇಳಿಸಿ ಒಂದು ಬಂಡೆಯ ಮೇಲೆ ಕೂಡ್ರಿಸಿದರು. ಬಾತ ಕಾಲನ್ನು ನೀರಿನಲ್ಲಿ ಇಳಿಬಿಟ್ಟೆ. ಹಾಯೆನ್ನಿಸಿತು. ಬಗ್ಗಿ ಎರಡೂ ಕೈಯಿಂದ ಮುಖಕ್ಕೆ, ಕೊರಳಿಗೆ, ತೋಳಿಗೆ ನೀರು ಎರಚಿಕೊಂಡೆ, ಇನ್ನೊಮ್ಮೆ ಎರಚಿಕೊಂಡೆ. ತೋಳಿನ ಮೇಲೆ ಏನೋ ಜಾರಿದಂತಾಯಿತು. ನೋಡುವಷ್ಟರಲ್ಲಿ ಬಿಳಿ ಬಟ್ಟೆ ನೀರಿನ ಮೇಲೆ ಒಮ್ಮೆ ಬಿಚ್ಚಿಕೊಂಡಿತು, ಸೆಳವಿಗೆ ಸಿಕ್ಕಿತು, ಹೋಯಿತು. ಬಟ್ಟೆಯಾದರೂ ಕಂಡಿತು, ಅದರೊಳಗಿದ್ದದ್ದು ಎಲ್ಲಿ ಬಿತ್ತೋ ಕಾಣಲೇ ಇಲ್ಲ.

ಹೊಟ್ಟೆಯಲ್ಲಿ ಕೂಸು ಹೊರಳಿತೋ ಇಲ್ಲವೋ ಎಂದು ಎರಡೂ ಕೈಯಿಂದ ಹಿಡಿದು ನೋಡಿದೆ. ಅದು ಅಲುಗಲಿಲ್ಲ. ಆಗ ನನ್ನ ಜೀವವೇ ಹಾರಿಹೋಯಿತು.

ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಬರಿದಾದ ರಟ್ಟೆ ನೋಡಿದರು. ಏಟು ಬೀಳುತ್ತದೆಂದೇ ತಿಳಿದು ಕಣ್ಣು ಮುಚ್ಚಿಕೊಂಡೆ. ಕಣ್ಣು ತೆರೆದರೆ ಅವರು ಸೀರೆ ಸಮೇತ ನೀರಿಗೆ ಇಳಿದಿದ್ದರು. ಮೊಣಕಾಲಿನ ಮೇಲೆ ನೀರು, ಬಂಡೆಯ ಸಂದಿಸಂದಿಗೆ ಕೈ ಹಾಕಿ ತಡಕುತ್ತಿದ್ದರು. ಒಂದು ಹಿಡಿ ಉಸುಕು ಬಂತು, ಕಲ್ಲು ಬಂತು. ನೆಟ್ಟಗೆ ನಿಂತು ಒಮ್ಮೆ ಮರದ ಕಡೆ ನೋಡಿದರು. ಮಾವನ ಅಕ್ಕ ಬೆನ್ನು ತಿರುಗಿಸಿ ಚಟ್ನಿಯ ಡಬ್ಬಿಯೊಡನೆ ಗುದ್ದಾಡುತ್ತಿದ್ದರು.

ಆಮೇಲೆ ಅತ್ತೆ ತಮ್ಮ ಕೊರಳಿನ ಬೆಳ್ಳಿಯ ಕರಡಿಗೆಯನ್ನು ತೆರೆದು ತಮ್ಮ ಲಿಂಗವನ್ನು ಹೊರಗೆ ತೆಗೆದರು. ಏಳು ವರ್ಷದ ಹುಡುಗಿಯಾಗಿದ್ದಾಗ ಅವರ ಗುರು ಅಂಗೈಯಲ್ಲಿ ಇಟ್ಟ ಲಿಂಗ. ಅವರ ಹೊರತು ಯಾರೂ ಅದನ್ನು ಮುಟ್ಟಿರಲಿಲ್ಲ. ಸತ್ತ ಮೇಲೂ ಅದು ಅವರ ಜೊತೆಗೇ ಮಣ್ಣಿಗೆ ಹೋಗತಕ್ಕದ್ದು. ಅದನ್ನು ಹಣೆಗೆ ಮುಟ್ಟಿಸಿ, ಒಳಗಿನ ಬಟ್ಟೆಯಲ್ಲೇ ಸುತ್ತಿ, ಸೆರಗಿನ ಅಂಚನ್ನು ಹಲ್ಲಿನಿಂದ ಸೀಳಿ, ನನ್ನ ರಟ್ಟೆಗೆ ಬಿಗಿದು ಕಟ್ಟಿದರು. ನಾನು ಬೆಚ್ಚಿ ಹಿಂದಕ್ಕೆ ಸರಿದೆ.

"ಬ್ಯಾಡ್ರಿ ಅತ್ತಿಯವ್ರ, ನಿಮ್ದು ಬ್ಯಾಡ್ರಿ."

"ಸುಮ್ಕ ಕುಂದ್ರು. ಹೋಗಿದ್ದು ನಂದು. ತಿಳೀತಿಲ್ಲೋ?"

ಬರಿ ಕರಡಿಗೆಯನ್ನು ಮುಚ್ಚಿಕೊಂಡು, ನೀರು ಸೋರುವ ಸೀರೆಯಲ್ಲೇ ಮರದ ಕಡೆ ನಡೆದರು. ಮುಖ ತೊಳೆಯಲು ಹೋಗಿ ಕಾಲು ಜಾರಿತು, ತಮ್ಮ ಲಿಂಗ ಹೊಳೆಯ ಪಾಲಾಯಿತು ಎಂದು ಗಟ್ಟಿ ದನಿಯಲ್ಲಿ ಹೇಳಿದರು. ಒಂದು ಸುಳ್ಳನ್ನೂ ಆಡದ ಹೆಂಗಸಿನ ಬಾಯಲ್ಲಿ ಅಷ್ಟು ಸಲೀಸಾಗಿ ಸುಳ್ಳು ಬಂತು. ಮಾವನ ಅಕ್ಕನ ಕೈಯಿಂದ ಡಬ್ಬಿ ಬಿತ್ತು. ಆಮೇಲೆ ಅವರ ಬಾಯಿಗೆ ತಡೆಯೇ ಇರಲಿಲ್ಲ. ಹಿಂದಿನ ಕಾಲದಲ್ಲಿ ಲಿಂಗ ಕಳೆದುಕೊಂಡವರು ಜೀವ ಇಟ್ಟುಕೊಳ್ಳುತ್ತಿರಲಿಲ್ಲ ಎಂದರು. ಇಷ್ಟು ದಿನದ ಮಡಿಯೆಲ್ಲ ಬರೀ ತೋರಿಕೆ ಎಂದರು. ಅತ್ತೆ ತಲೆ ತಗ್ಗಿಸಿ ಕೇಳಿಸಿಕೊಂಡರು. ಗುಡಿಯಿಂದ ಬಂದ ಮಾವನ ಮುಖ ಬಿಳಿಚಿತು. ಒಂದು ಗುಟುಕು ನೀರಾದರೂ ಕುಡಿ ಎಂದು ಬೇಡಿಕೊಂಡರು. ಅತ್ತೆ ಕುಡಿಯಲಿಲ್ಲ. ನನ್ನ ತಾಟಿಗೆ ಮಾತ್ರ ತಾವೇ ಬಡಿಸಿದರು, ಎಣ್ಣೆಗಾಯಿ, ಮೊಸರು, ಮೇಲೆ ಒಂದು ಹೋಳಿಗೆ. ನಾನು ಕೇಳಿದ ಹರಿಯುವ ನೀರು, ಕೇಳಿದ ರೊಟ್ಟಿ ಎಲ್ಲ ಎದುರಿಗಿತ್ತು, ಮುರಿದ ತುತ್ತನ್ನು ತಾಟಿನಲ್ಲೇ ಇಟ್ಟೆ. ಅತ್ತೆ ಕಣ್ಣಲ್ಲೇ ಗದರಿಸಿ ತಿನ್ನಿಸಿದರು. ಕೊನೆಯ ತುತ್ತಿಗೆ ಕೂಸು ಒದೆಯಿತು. ನಾನು ತಾಟಿನ ಮೇಲೆಯೇ ಅತ್ತುಬಿಟ್ಟೆ.

ಬೆಳಗಾವಿಗೆ ಮರಳಿದವರೇ ನೇರ ಮಠಕ್ಕೆ ಹೋದೆವು. ಸ್ವಾಮಿಗಳು ಊರಲ್ಲಿ ಇರಲಿಲ್ಲ, ಮರುದಿನ ಮಧ್ಯಾಹ್ನ ಬಂದರು. ಅಲ್ಲಿಯ ತನಕ ಅತ್ತೆಯ ತುಟಿಗೆ ನೀರು ಸೋಕಲಿಲ್ಲ. ಈ ವಯಸ್ಸಿನಲ್ಲಿ ಇಷ್ಟು ಮೈಮರೆವೇ ಎಂದು ಸ್ವಾಮಿಗಳು ಎಲ್ಲರ ಎದುರೇ ಕೇಳಿದರು. ನಾನು ತಡೆಯಲಾರದೆ ಒಂದು ಹೆಜ್ಜೆ ಮುಂದಿಟ್ಟೆ. ಅತ್ತೆ ಕೈ ಹಿಂದೆ ಮಾಡಿ ನನ್ನ ಮುಂಗೈ ಹಿಡಿದರು. ಎಷ್ಟು ಗಟ್ಟಿ ಹಿಡಿದರೆಂದರೆ ಬಳೆ ಒಡೆಯಿತು. ಹೊಸ ಲಿಂಗ ಅಂಗೈಗೆ ಬಂದ ಮೇಲೆಯೇ ಬಿಟ್ಟರು.

ಹೆಣ್ಣು ಕೂಸು ಹುಟ್ಟಿತು, ಗಟ್ಟಿಮುಟ್ಟಾಗಿ ಹುಟ್ಟಿತು. ಅನಗೋಳದ ನನ್ನ ತವರಿನಲ್ಲಿ ತೊಟ್ಟಿಲು ಕಟ್ಟಿದರು. ಕೂಸನ್ನು ತೊಟ್ಟಿಲಿಗೆ ಹಾಕಲು ಅತ್ತೆ ಕೈ ಚಾಚಿದಾಗ ಮಾವನ ಅಕ್ಕ ಅಡ್ಡ ಬಂದರು. ಲಿಂಗ ಹೊಳೆಗೆ ಬಿಟ್ಟ ಕೈ, ಮೊದಲ ಕೂಸಿಗೆ ಮುಟ್ಟಿಸಬೇಡಿ ಎಂದರು. ಬಂದ ಹೆಂಗಸರೆಲ್ಲ ದಂಗಾಗಿ ನೋಡಿದರು. ಅತ್ತೆ ಹಿಂದಕ್ಕೆ ಸರಿದು ಗೋಡೆಗೆ ಒರಗಿ ನಿಂತರು. ಕೂಸಿನ ಎದೆಯ ಮೇಲೆ ಇದ್ದದ್ದು ಅವರದೇ ಲಿಂಗ. ನನ್ನ ನಾಲಗೆ ತುದಿಗೆ ಬಂದಿತ್ತು. ಆದರೆ ಅವರು ನನ್ನನ್ನೇ ನೋಡುತ್ತಿದ್ದರು, ಆ ನೋಟದ ಎದುರು ಬಾಯಿ ಬಿಡಲು ನನ್ನಿಂದಾಗಲಿಲ್ಲ.

ಊಟವಾದ ಮೇಲೆ ಹಿತ್ತಿಲಲ್ಲಿ ಅವರೊಬ್ಬರೇ ಕೈ ತೊಳೆಯುತ್ತಿದ್ದರು. ಬಾಣಂತಿ ಹೊರಗೆ ಬರಬಾರದೆಂಬುದನ್ನು ಲೆಕ್ಕಿಸದೆ ಹೋದೆ. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದಿದ್ದವು.

"ಹಿಂಗ್ಯಾಕ ಅನಸ್ಕೋತೀರಿ ಅತ್ತಿಯವ್ರ? ಲಿಂಗ ಅಂದ್ರ ಅದು ನಿಮ್ಮ ಪ್ರಾಣ ಅಲ್ಲೇನ್ರಿ?"

"ಹೂಂ," ಎಂದರು. "ಅದಕ್ಕ ಕಟ್ಟೀನಿ."

ಒಳಗೆ ತೊಟ್ಟಿಲಲ್ಲಿ ಕೂಸು ಅಳಲು ಶುರುಮಾಡಿತು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, ಯಾರನ್ನೂ ಕೇಳದೆ ಒಳಗೆ ಹೋಗಿ ಅದನ್ನು ಎತ್ತಿಕೊಂಡರು.